ಸೋತವರ ಕಾಫಿ

ನಮ್ಮ ಮನೆಯಲ್ಲಿ ಇಸ್ಪೀಟಿನಲ್ಲಿ ಸೋತವರು ಕಾಫಿ ಮಾಡಬೇಕು. ತೊಂಬತ್ತರ ದಶಕದ ಮೊದಲಲ್ಲಿ ಜೆ.ಪಿ. ನಗರದಲ್ಲಿ ಮನೆ ಕಟ್ಟಿಕೊಂಡು ಬಂದಾಗಿನಿಂದ ಇದೇ ಕಾನೂನು. ಭಾನುವಾರ ಕತ್ರಿಗುಪ್ಪೆಯಿಂದ ನನ್ನ ತಂಗಿ ಮತ್ತು ಅವಳ ಗಂಡ ಸ್ಕೂಟರಿನಲ್ಲಿ ಬರುತ್ತಿದ್ದರು. ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಹಾಲಿನ ನಡುವೆ ಜಮಖಾನ ಹಾಸಿ ಇಪ್ಪತ್ತೆಂಟು ಆಡಲು ಕೂರುತ್ತಿದ್ದೆವು. ದುಡ್ಡು ಕಟ್ಟಿ ಆಡುವುದು ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ. ಕಾಫಿಯ ವಿಷಯದಲ್ಲಿ ಮಾತ್ರ ಯಾರೂ ಯಾರಿಗೂ ರಿಯಾಯಿತಿ ತೋರಿಸುತ್ತಿರಲಿಲ್ಲ. ಸೋತ ಜೋಡಿ ಎದ್ದು ಅಡುಗೆಮನೆಗೆ ಹೋಗಬೇಕು, ಒಬ್ಬರು ಹಾಲು ಕಾಯಿಸಬೇಕು, ಇನ್ನೊಬ್ಬರು ಡಿಕಾಕ್ಷನ್ ಬೆರೆಸಿ ತರಬೇಕು. ಗೆದ್ದವರು ಕಾಲು ಚಾಚಿ ಕೂತು ಆ ಕಾಫಿಯಲ್ಲಿ ತಪ್ಪು ಹುಡುಕಬೇಕು. ತಪ್ಪು ಹುಡುಕುವುದು ಗೆದ್ದವರ ಹಕ್ಕು, ಅದನ್ನು ಯಾರೂ ಬಿಟ್ಟುಕೊಟ್ಟಿದ್ದಿಲ್ಲ.

ಇಪ್ಪತ್ತೆಂಟು ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ನಾಲ್ಕು ಜನರ ಆಟ, ಎದುರುಬದುರು ಕೂತವರು ಒಂದು ಜೋಡಿ. ಎಲ್ಲಕ್ಕಿಂತ ದೊಡ್ಡ ಎಲೆ ಗುಲಾಮ, ಅವನ ನಂತರ ಒಂಬತ್ತು, ಆಮೇಲೆ ಎಕ್ಕ, ಹತ್ತು. ಗುಲಾಮನಿಗೆ ಮೂರು ಅಂಕ, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ರಾಜ ರಾಣಿಯರಿಗೆ ಕವಡೆ ಕಿಮ್ಮತ್ತಿಲ್ಲ. ಆಟಕ್ಕೆ ಮೊದಲು ನಾವು ಎಷ್ಟು ಅಂಕ ಮಾಡುತ್ತೇವೆಂದು ಹದಿನಾಲ್ಕರಿಂದ ಇಪ್ಪತ್ತೆಂಟರೊಳಗೆ ಒಂದು ಸಂಖ್ಯೆ ಕೂಗಬೇಕು. ಹೆಚ್ಚು ಕೂಗಿದವರು ತುರುಫು, ಅಂದರೆ ಬೇರೆಲ್ಲ ಬಣ್ಣಗಳನ್ನೂ ಹೊಡೆಯುವ ಬಣ್ಣ, ಆರಿಸುತ್ತಾರೆ. ಕೂಗಿದಷ್ಟು ಅಂಕ ಮಾಡಿದರೆ ಗೆಲುವು, ಇಲ್ಲದಿದ್ದರೆ ಅಡುಗೆಮನೆ.

ನನ್ನ ಜೋಡಿ ನಮ್ಮನೆಯವರು. ಕಾರ್ಖಾನೆಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದವರು, ಮಾತು ಜಾಸ್ತಿ. ಗೆದ್ದರೆ ಅದು ಅವರ ಲೆಕ್ಕಾಚಾರ, ಸೋತರೆ ನನ್ನ ತಪ್ಪು. “ತುರುಫು ಕೈಲಿಟ್ಕೊಂಡು ಪೂಜೆ ಮಾಡ್ತಿದ್ಯೇನೇ?” ಎಂದು ಎಲ್ಲರೆದುರು ಕೇಳುತ್ತಿದ್ದರು. ನಾನೂ ಬಾಯಿ ಮುಚ್ಚಿಕೊಂಡಿರುವವಳಲ್ಲ. ಹಾಲು ಉಕ್ಕುವವರೆಗೂ ಒಲೆಯ ಮುಂದೆ ನಮ್ಮ ಜಗಳ ನಡೆಯುತ್ತಿತ್ತು. ಹೊರಗೆ ತಂಗಿ, “ಅಕ್ಕಾ, ಮೊದ್ಲು ಕಾಫಿ ತಾ, ಆಮೇಲೆ ಡೈವೋರ್ಸ್” ಎನ್ನುತ್ತಿದ್ದಳು.

ರಿಟೈರ್ ಆದ ಮಾರನೆಯ ವರ್ಷ ಇವರಿಗೆ ಪಾರ್ಶ್ವವಾಯು ಹೊಡೆಯಿತು. ಬೆಳಗ್ಗೆ ಪೇಪರ್ ಓದುತ್ತಿದ್ದವರು ಪೇಪರನ್ನು ಕೈಯಿಂದ ಬಿಟ್ಟರು, ನನ್ನನ್ನು ಕರೆಯಲು ಹೋಗಿ ಬೇರೆ ಏನೋ ಅಂದರು. ಜೀವ ಉಳಿಯಿತು, ಕಾಲು ತಕ್ಕಮಟ್ಟಿಗೆ ಬಂತು. ಬಲಗೈ ಪೂರ್ತಿ ಬರಲಿಲ್ಲ. ಮಾತು ಹೋಗಿಯೇಬಿಟ್ಟಿತು ಅನ್ನುವ ಹಾಗೂ ಇರಲಿಲ್ಲ. ನಾವು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಹೂಂ, ಬೇಡ, ಅದು, ಇಂಥ ನಾಲ್ಕಾರು ಮಾತು ಬರುತ್ತಿದ್ದವು. ಮಿಕ್ಕದ್ದಕ್ಕೆ ಬಾಯಿ ತೆರೆದರೆ ಒಂದಕ್ಕೆ ಇನ್ನೊಂದು ಬರುತ್ತಿತ್ತು. ನೀರು ಕೇಳಲು ಹೋಗಿ ಚಪ್ಪಲಿ ಎನ್ನುವರು. ಅಂಕಿಗಳಂತೂ ಎಲ್ಲ ಅದಲುಬದಲು. ಬಾಯಿಂದ ತಪ್ಪು ಸಂಖ್ಯೆ ಬಿದ್ದ ಕೂಡಲೇ ಅದು ತಪ್ಪೆಂದು ಅವರಿಗೇ ಗೊತ್ತಾಗುತ್ತಿತ್ತು, ಅವರ ಮುಖ ನೋಡಲಾಗುತ್ತಿರಲಿಲ್ಲ.

ಆಮೇಲೆ ಶುರುವಾಯಿತು ನೋಡಿ, ಜನರ ಒಳ್ಳೆಯತನ. ಮಾತು ಕಲಿಸಲು ಬರುತ್ತಿದ್ದ ಮೇಡಂ ಚಿತ್ರದ ಕಾರ್ಡು ಹಿಡಿದು, ಇವರು ಆನೆಯನ್ನು ಆನೆ ಅಂದರೆ ಚಪ್ಪಾಳೆ ತಟ್ಟುತ್ತಿದ್ದರು. ಪಕ್ಕದ ಮನೆಯವರು ಇವರು ಗೇಟಿನವರೆಗೆ ನಡೆದರೆ ಶಹಬ್ಬಾಸ್ ಎನ್ನುತ್ತಿದ್ದರು. ಬಂದವರೆಲ್ಲ ಕಿವುಡರ ಜೊತೆ ಮಾತಾಡುವ ಹಾಗೆ ಗಟ್ಟಿಯಾಗಿ, ಮಗುವಿನ ಜೊತೆ ಮಾತಾಡುವ ಹಾಗೆ ಮೆಲ್ಲಗೆ, ಎರಡೂ ಒಟ್ಟಿಗೆ ಮಾಡುತ್ತಿದ್ದರು. ಯಾರ ಮೇಲೂ ಸಿಟ್ಟು ಮಾಡಿಕೊಳ್ಳುವ ಹಾಗಿರಲಿಲ್ಲ. ಇವರು ಮಾತ್ರ ದಿನದಿಂದ ದಿನಕ್ಕೆ ಕುರ್ಚಿಯೊಳಗೆ ಇಳಿದುಹೋಗುತ್ತಿದ್ದರು.

ಭಾನುವಾರದ ಆಟ ನಿಲ್ಲಬಾರದೆಂದು ತಂಗಿಯೂ ಅವಳ ಗಂಡನೂ ತಪ್ಪದೆ ಬರುತ್ತಿದ್ದರು, ಆ ಋಣ ಎಂದಿಗೂ ತೀರುವುದಲ್ಲ. ಜಮಖಾನದ ಬದಲು ಊಟದ ಮೇಜಿನ ಮೇಲೆ ಆಡತೊಡಗಿದೆವು. ಇವರು ಎಲೆಗಳನ್ನು ಎಡಗೈಯಲ್ಲಿ ಹಿಡಿಯಲು ಕಷ್ಟಪಡುತ್ತಾರೆಂದು ನಾನು ಒಂದು ಮರದ ಪಟ್ಟಿಗೆ ಸೀಳು ಹಾಕಿಸಿ ತಂದೆ, ಎಲೆಗಳು ಅದರಲ್ಲಿ ನಿಲ್ಲುತ್ತಿದ್ದವು. ಕೂಗುವ ಸರದಿ ಬಂದಾಗ ಇವರು ಹತ್ತೊಂಬತ್ತು ಅನ್ನಲು ಹೋಗಿ “ಏಳು” ಎನ್ನುವರು. ತಂಗಿಯ ಗಂಡ ತಕ್ಷಣ, “ಹತ್ತೊಂಬತ್ತು ಅಂತಾರೆ, ಸರಿ, ಬರ್ಕೊಳ್ಳಿ” ಎಂದು ಸಾವರಿಸುವರು. ತಮ್ಮ ಕೈಯಲ್ಲಿ ಗುಲಾಮ ಇದ್ದರೂ ಹೊಡೆಯದೆ ಯಾವುದೋ ಪುಟಗೋಸಿ ಎಂಟನ್ನು ಹಾಕುವರು. ಆ ವರ್ಷವೆಲ್ಲ ಪ್ರತಿ ಭಾನುವಾರವೂ ನಾವೇ ಗೆದ್ದೆವು. ತಂಗಿ ಕಾಫಿ ತರುವಳು, ಇವರು ಲೋಟವನ್ನೇ ನೋಡುತ್ತ ಕುಡಿಯುವರು. ತಪ್ಪು ಹುಡುಕುವ ಹಕ್ಕು ಇತ್ತು, ಒಂದು ದಿನವೂ ಬಳಸಲಿಲ್ಲ. ಸುಳ್ಳು ಗೆಲುವೆಂದು ಅವರಿಗೆ ಗೊತ್ತಿತ್ತು. ಒಂದು ಭಾನುವಾರ ಎಲೆ ಹಂಚುವ ಮೊದಲೇ “ಬೇಡ” ಅಂದು ಒಳಗೆ ಹೋಗಿ ಮಲಗಿದರು. ಇನ್ನು ಈ ಮನುಷ್ಯ ಎದ್ದು ನಮ್ಮ ನಡುವೆ ಬಂದು ಕೂರುವುದಿಲ್ಲವೇನೋ ಎಂಬ ಭಯ ಅವತ್ತು ನನಗೆ ಹತ್ತಿತು.

ಮಹಡಿ ಮೇಲಿನ ಬಾಡಿಗೆ ಮನೆಯಲ್ಲಿ ಧಾರವಾಡದ ಕಡೆಯ ಒಬ್ಬಳಿದ್ದಳು. ಮೊದಲು ಬಿ.ಟಿ.ಎಂ.ನಲ್ಲಿ ಪೀಜಿಯಲ್ಲಿದ್ದು, ಆಮೇಲೆ ನಮ್ಮಲ್ಲಿಗೆ ಬಂದವಳು. ಅರೆಕೆರೆ ಹತ್ತಿರದ ಆಫೀಸೊಂದರಲ್ಲಿ ಅಕೌಂಟ್ಸ್ ನೋಡುತ್ತಿದ್ದಳು, ಮೂವತ್ತು ದಾಟಿತ್ತು, ಮದುವೆಯ ಮಾತೆತ್ತಿದರೆ ನನಗಿಂತ ಜೋರಾಗಿ ಸಿಡುಕುತ್ತಿದ್ದಳು. ಹಾಗಾಗಿ ನನಗೆ ಅವಳು ಹಿಡಿಸಿದ್ದಳು. ಶನಿವಾರ ಬೆಳಗ್ಗೆ ಲ್ಯಾಪ್‌ಟಾಪಿನಲ್ಲಿ ಅವಳು ಪೋಕರ್ ಆಡುತ್ತಾಳೆಂದು ನನಗೆ ತಿಳಿದಿದ್ದು ನೀರಿನ ಮೋಟರಿನ ವಿಷಯ ಹೇಳಲು ಮೇಲೆ ಹೋದಾಗ. ಪರದೆಯ ಮೇಲೆ ಹಸಿರು ಮೇಜು, ಅದರ ಮೇಲೆ ಇಸ್ಪೀಟು. ನಾನು ಹೋದ ಕೆಲಸ ಮರೆತು ಬೈಯಲು ಶುರು ಮಾಡಿದೆ. ಹೆಣ್ಣುಮಗಳು, ದುಡ್ಡಿಗೆ ಇಸ್ಪೀಟು, ನಾಳೆ ನಿಮ್ಮಪ್ಪ ಕೇಳಿದರೆ ಏನು ಹೇಳಲಿ, ಹೀಗೆ.

ಅವಳು ಪೂರ್ತಿ ಬೈಯಿಸಿಕೊಂಡು ಆಮೇಲೆ ಹೇಳಿದಳು, “ಕಾಕು, ನನ್ನ ಕಿಸೆದ್ದು ಒಂದ ರೂಪಾಯಿನೂ ಹಾಕಿಲ್ರಿ. ಪುಕ್ಕಟ ಆಟ ಇಡ್ತಾರ, ಅದರಾಗ ಗೆದ್ದಿದ್ದು. ಆ ಗೆದ್ದ ರೊಕ್ಕದಾಗ ಆಡ್ತೇನಿ. ಅದು ಮುಗೀತಂದ್ರ ಆಟಾನೂ ಮುಗೀತು.” ಎಲ್ಲಕ್ಕಿಂತ ಸಣ್ಣ ಪಂದ್ಯಗಳನ್ನಷ್ಟೇ ಆಡುತ್ತಾಳಂತೆ, ಒಂದು ಪ್ಲೇಟು ಇಡ್ಲಿಯ ಬೆಲೆಯವು. ನಾನು ನಿಂತು ನೋಡಿದೆ. ಅವಳ ಆಟದಲ್ಲಿ ಯಾರೂ ಏನೂ ಕೂಗುತ್ತಿರಲಿಲ್ಲ. ಮೂರು ಗುಂಡಿಗಳಿದ್ದವು, ಒತ್ತುತ್ತಿದ್ದಳು ಅಷ್ಟೆ.

ಮೋಟರು ಮರೆತೇಹೋಯಿತು. “ನಮ್ಮನೆಯವರು ಇದನ್ನ ಆಡಬಹುದಾ?” ಎಂದು ಕೇಳಿದೆ.

ಅವಳು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು. “ಎಂಟೊಂಬತ್ತ ಮಂದಿ ಕುಂತ ಆಡೂ ಟೇಬಲ್ ಬ್ಯಾಡ್ರಿ, ಕಾಕಾಗ ತ್ರಾಸ ಆಗ್ತದ. ಇಬ್ಬರ ಆಡೂ ಪಂದ್ಯ ಅದ. ಎದುರಿಗೆ ಒಬ್ಬನ. ಲಗೂ ಮುಗೀತದ.”

ಹೀಗೆ ನಮ್ಮ ಕಲಿಕೆ ಶುರುವಾಯಿತು. ಇವರು ರಿಟೈರ್ ಆದಾಗ ಕೊಂಡ ಕಂಪ್ಯೂಟರು ಹಾಲಿನ ಮೂಲೆಯಲ್ಲಿ ಕುಸುರಿ ಹಾಕಿದ ಬಟ್ಟೆ ಹೊದ್ದುಕೊಂಡು ಕೂತಿತ್ತು. ಶನಿವಾರ ಬೆಳಗ್ಗೆ ತಿಂಡಿಯಾದ ಮೇಲೆ ಅವಳು ಕೆಳಗೆ ಬಂದು ತನ್ನ ಖಾತೆಯನ್ನು ತೆರೆದು ಕೊಡುತ್ತಿದ್ದಳು. ಇವರು ಕುರ್ಚಿಯಲ್ಲಿ, ನಾನು ಪಕ್ಕದ ಸ್ಟೂಲಿನ ಮೇಲೆ ಮೌಸ್ ಹಿಡಿದು, ಅವಳು ಹಿಂದೆ ಉಪ್ಪಿಟ್ಟಿನ ತಟ್ಟೆ ಹಿಡಿದು. ಇವರು ಮೇಜನ್ನು ಒಂದು ಸಲ ತಟ್ಟಿದರೆ ಆಟದಲ್ಲಿ ಇರುವುದು, ಎರಡು ಸಲ ತಟ್ಟಿದರೆ ಏರಿಸುವುದು, ಕೈ ಬೀಸಿದರೆ ಎಲೆ ಬಿಡುವುದು.

ಆಟ ಬಹಳ ಸರಳ. ಇಬ್ಬರಿಗೂ ಎರಡೆರಡು ಎಲೆ ಗುಟ್ಟಾಗಿ ಬರುತ್ತವೆ. ಆಮೇಲೆ ನಡುವೆ ಎಲ್ಲರಿಗೂ ಕಾಣುವ ಹಾಗೆ ಮೊದಲು ಮೂರು, ಮತ್ತೆ ಒಂದು, ಮತ್ತೊಂದು ಎಲೆ ಬೀಳುತ್ತವೆ. ಅವೆಲ್ಲ ಸೇರಿ ಯಾರ ಕೂಟ, ಅಂದರೆ ಜೋಡಿಯೋ ಮೂರರ ಗುಂಪೋ, ದೊಡ್ಡದೋ ಅವರಿಗೆ ಚಿಪ್ಪುಗಳು, ದುಡ್ಡಿನ ಬದಲು ಎಣಿಸುವ ಬಿಲ್ಲೆಗಳು. ನಡುನಡುವೆ ಏರಿಸುತ್ತ ಹೋಗಬಹುದು, ಹೆದರಿ ಬಿಟ್ಟವನು ಅಲ್ಲಿಗೇ ಸೋತ. ಒಬ್ಬರ ಚಿಪ್ಪೆಲ್ಲ ಇನ್ನೊಬ್ಬರ ಹತ್ತಿರ ಸೇರುವವರೆಗೆ ಪಂದ್ಯ.

ನನಗೆ ಮೊದಮೊದಲು ತಲೆಗೆ ಹತ್ತಿದ್ದು ಇಷ್ಟೇ: ಒಳ್ಳೆಯ ಎಲೆ ಬರುವವರೆಗೆ ಕಾಯಬೇಕು. ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು ಬೆಳೆದವಳು, ಕಾಯುವುದು ನನಗೆ ಕಷ್ಟವಲ್ಲ. ಆದರೆ ಇಲ್ಲಿ ಪ್ರತಿ ಸಲ ಎಲೆ ಹಂಚಿದಾಗಲೂ ಒಂದಿಷ್ಟು ಚಿಪ್ಪು ಕಡ್ಡಾಯವಾಗಿ ಇಡಬೇಕು, ಹೊತ್ತು ಹೋದಂತೆ ಅದೂ ಏರುತ್ತದೆ. ಕಾದು ಕೂತೇ ನಾವು ಮೊದಲ ಕೆಲವು ಪಂದ್ಯ ಸೋತೆವು.

“ಕಾಕು, ಛಲೋ ಎಲಿ ಬರ್ಲಿ ಅಂತ ಕುಂದ್ರಬ್ಯಾಡ್ರಿ,” ಎಂದಳು ಅವಳು. “ಎಂಟ ಮಂದಿ ಇದ್ದಲ್ಲೆ ಯಾರ ಕೈಯಾಗರೆ ಛಲೋ ಎಲಿ ಇರ್ತದ. ಇಲ್ಲೆ ಇರಾವ ಒಬ್ಬನ. ಅವಂಗೂ ನಿಮ್ಮಂಗ ಕಚ್ಚಾ ಎಲಿನ ಬಂದಿರ್ತಾವ. ಯಾರ ಮೊದಲ ಧೈರ್ಯ ಮಾಡ್ತಾರ, ಅವರದು.”

ಇವರಿಗೆ ಅದು ನನಗಿಂತ ಬೇಗ ಅರ್ಥವಾಯಿತು. ಮೇಜನ್ನು ಎರಡು ಸಲ ತಟ್ಟತೊಡಗಿದರು. ಕೊನೆಯಲ್ಲಿ ಆಡುವವನಿಗೆ ಎದುರಿನವನು ಏನು ಮಾಡಿದನೆಂದು ನೋಡಿಕೊಂಡು ತೀರ್ಮಾನಿಸುವ ಲಾಭವಿದೆ, ಅಂಥ ಸರದಿಯಲ್ಲಿ ಧಾರಾಳವಾಗಿ ಆಡಬೇಕು ಎಂದು ಅವಳು ಹೇಳಿದಳು. ಚಿಪ್ಪು ತೀರಾ ಕರಗಿದಾಗ ಚೂರುಪಾರು ಇಡುತ್ತ ಕೂರಬಾರದು, ಒಂದೋ ಎಲ್ಲವನ್ನೂ ನೂಕಬೇಕು ಇಲ್ಲ ಎಲೆ ಬಿಡಬೇಕು ಎಂದಳು. ನನ್ನನ್ನು ಹೆಚ್ಚು ನಗಿಸಿದ್ದು ಮಾತ್ರ ಇನ್ನೊಂದು ಪಾಠ. ಪೋಕರ್ ಅಂದರೆ ಸುಳ್ಳು ಹೇಳುವ ಆಟವೆಂದು ಕೇಳಿದ್ದ ನಾನು ಏನೂ ಇಲ್ಲದಿದ್ದಾಗ ದೊಡ್ಡದಾಗಿ ಏರಿಸಿ ಎದುರಿನವನನ್ನು ಹೆದರಿಸಲು ನೋಡುತ್ತಿದ್ದೆ. ಅವನು ಹೆದರುತ್ತಲೇ ಇರಲಿಲ್ಲ.

“ಈ ಸಣ್ಣ ಪಂದ್ಯದಾಗ ಮಂದಿ ಎಲಿ ಕೆಳಗ ಇಡೂದಿಲ್ರಿ,” ಎಂದಳು. “ನೋಡೇಬಿಡೋಣ ಅಂತ ಬಂದಿರ್ತಾರ. ಅಂಥವರಿಗೆ ಸುಳ್ಳ ಹೇಳಿ ಏನ್ ಉಪಯೋಗ? ಖರೇ ಎಲಿ ಬಂದಾಗ ಏರ್ಸ್ರಿ, ಅವರ ಕೊಡ್ತಾರ.”

ತಿಂಗಳುಗಟ್ಟಲೆ ಕಲಿತೆವು. ಗೆದ್ದಿದ್ದಕ್ಕಿಂತ ಸೋತಿದ್ದೇ ಸ್ವಲ್ಪ ಹೆಚ್ಚಿರಬೇಕು. ಕರೆಂಟು ಹೋಗಿ ಯುಪಿಎಸ್ ಕೀರಲು ಶುರುವಾದರೆ ನಮ್ಮ ಎದೆ ಹೊಡೆದುಕೊಳ್ಳುತ್ತಿತ್ತು. ಶನಿವಾರ ಬಂತೆಂದರೆ ಇವರು ನಾನು ಹೇಳುವ ಮೊದಲೇ ಸ್ನಾನ ಮುಗಿಸಿ, ಗುಂಡಿ ಹಾಕಿಸಿಕೊಳ್ಳಲು ಶರಟು ಹಿಡಿದು ಬಂದು ನಿಲ್ಲುತ್ತಿದ್ದರು. ಅದನ್ನು ನೋಡಿದ ಮೇಲೆ ಅವಳ ಬಾಡಿಗೆ ಏರಿಸುವ ಯೋಚನೆಯನ್ನು ನಾನು ಬಿಟ್ಟೆ.

ಒಂದು ವಿಷಯದಲ್ಲಿ ಮಾತ್ರ ಇವರು ಯಾರ ಮಾತೂ ಕೇಳಲಿಲ್ಲ. ರಾಜ ರಾಣಿ ಬಂದರೆ ಕೈ ಬೀಸಿಬಿಡುವರು. ಎಕ್ಕ ಬಂದರೆ ಪರವಾಗಿಲ್ಲ ಎನ್ನುವಂತೆ ಒಂದು ಸಲ ತಟ್ಟುವರು. ಗುಲಾಮ ಮತ್ತು ಒಂಬತ್ತು ಬಂದರೆ ಬೆನ್ನು ನೆಟ್ಟಗಾಗುತ್ತಿತ್ತು. ಮೇಜು ಮುರಿಯುವ ಹಾಗೆ ತಟ್ಟುವರು. ಧಾರವಾಡದವಳು ತಲೆ ಚಚ್ಚಿಕೊಂಡಳು. “ಕಾಕಾ, ಇಲ್ಲೆ ಎಕ್ಕಾನ ದೊಡ್ಡದು, ಆಮ್ಯಾಲೆ ರಾಜಾ. ಗುಲಾಮ ಒಂಬತ್ತು ಏನ ಮಹಾ ಅಲ್ರಿ. ನೀವ್ಯಾಕ ಅದನ್ನ ಕಂಡ್ರ ಹಿಂಗ ಮಾಡ್ತೀರಿ?”

ಅವಳಿಗೆ ಇಪ್ಪತ್ತೆಂಟು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಾನು ಸ್ಟೂಲಿನಿಂದ ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಸ್ವಲ್ಪ ಹೊತ್ತು ನಿಂತೆ. ಇವರ ನೆನಪು ಎಷ್ಟು ಉಳಿದಿದೆಯೋ ಹೇಳಲಾಗದು ಎಂದು ಎಲ್ಲರೂ ಹೇಳುತ್ತಿದ್ದರು. ಕಾರ್ಡಿನಲ್ಲಿನ ಆನೆಯನ್ನು ಆನೆ ಅಂದದ್ದಕ್ಕೆ ನನಗೆ ಯಾವ ನಂಬಿಕೆಯೂ ಬಂದಿರಲಿಲ್ಲ. ಈ ತಪ್ಪು ಮಾಡಲು ಮಾತ್ರ ಜಮಖಾನದ ಮೇಲೆ ಕೂತ ಆ ಎಲ್ಲ ಭಾನುವಾರಗಳೂ ತಲೆಯೊಳಗೆ ಇರಲೇಬೇಕು. ಮನುಷ್ಯ ಪೂರ್ತಿಯಾಗಿ ಒಳಗೇ ಇದ್ದಾರೆ ಎಂದು ನನಗೆ ಅವತ್ತು ಖಾತ್ರಿಯಾಯಿತು. ಅಷ್ಟು ಸಂತೋಷ ಕೊಟ್ಟ ತಪ್ಪನ್ನು ನಾನು ಬೇರೆ ಕಂಡಿಲ್ಲ.

ಆದರೂ ಆಟದಲ್ಲಿ ತಪ್ಪು ತಪ್ಪೇ. ಮೌಸ್ ನನ್ನ ಕೈಯಲ್ಲಿತ್ತಲ್ಲ, ಇವರು ಮೇಜು ತಟ್ಟಿದರೂ ಎಷ್ಟೋ ಸಲ ನನಗೆ ತೋಚಿದ್ದನ್ನೇ ಒತ್ತುತ್ತಿದ್ದೆ. ಇವರು ನನ್ನನ್ನು ದುರುಗುಟ್ಟಿಕೊಂಡು ನೋಡುತ್ತಿದ್ದರು. ಒಂದು ಶನಿವಾರ ಎಡಗೈ ಚಾಚಿ ಮೌಸನ್ನು ನನ್ನಿಂದ ಕಿತ್ತುಕೊಂಡು ಕೀಬೋರ್ಡಿನ ಆಚೆ, ತಮ್ಮ ಎಡಕ್ಕೆ ಇಟ್ಟುಕೊಂಡರು. ಬಾಣದ ಗುರುತು ಪರದೆಯ ತುಂಬ ಓಡಾಡಿತು. ತೀರ್ಮಾನಿಸಲು ಕೊಟ್ಟ ಸಮಯ ಮುಗಿಯುತ್ತ ಬಂದಾಗೆಲ್ಲ ನನ್ನ ಕೈ ತಾನಾಗಿ ಮೌಸಿನತ್ತ ಹೋಗುತ್ತಿತ್ತು. ಧಾರವಾಡದವಳು ಹಿಂದಿನಿಂದ ನನ್ನ ಭುಜ ಹಿಡಿದು ಕೂರಿಸುತ್ತಿದ್ದಳು.

ತನ್ನ ಹೆಸರಿನ ಪಕ್ಕ ಲಾರಿಯ ಚಿತ್ರ ಹಾಕಿಕೊಂಡಿದ್ದವನು ಎದುರಾದದ್ದು ಆಮೇಲೆ ಕೆಲವು ವಾರಕ್ಕೆ. ಯಾವ ದೇಶದವನೋ ಗೊತ್ತಿಲ್ಲ. ಜೋರಿನ ಆಟಗಾರ, ಸುಮ್ಮನೆ ಏರಿಸುತ್ತಲೇ ಇದ್ದ. ಇವರೂ ಬಿಡಲಿಲ್ಲ. ನಾನು ಪಕ್ಕದಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದೆ. ಇಬ್ಬರ ಚಿಪ್ಪೂ ಹೆಚ್ಚುಕಡಿಮೆ ಸಮ, ಅವನದು ತುಸು ಜಾಸ್ತಿ. ಕಡ್ಡಾಯದ ಚಿಪ್ಪು ಏರಿ ಏರಿ ಇಬ್ಬರಿಗೂ ಬಿಗಿಯಾಗಿತ್ತು. ಅವನು ಇದ್ದದ್ದನ್ನೆಲ್ಲ ಒಂದೇ ಸಲ ನಡುವೆ ನೂಕಿದ. ನಮ್ಮ ಎಲೆ ನೋಡಿದೆ. ಇಸ್ಪೇಟಿನ ಗುಲಾಮ, ಕಳಾವರ್ ಒಂಬತ್ತು.

“ಕಾಕಾ, ಇದನ್ನ ಬಿಟ್ಟ ಬಿಡ್ರಿ,” ಎಂದಳು ಅವಳು.

“ರೀ, ಬೇಡ. ಅವನ ಹತ್ರ ಏನೋ ಇದೆ,” ಎಂದೆ ನಾನು.

ಇವರು ನಮ್ಮಿಬ್ಬರನ್ನೂ ನೋಡಲಿಲ್ಲ. ಬಾಣ ಅತ್ತಿತ್ತ ತೂರಾಡುತ್ತ ಹೋಗಿ ಗುಂಡಿಯ ಮೇಲೆ ನಿಂತಿತು. ಒತ್ತಿದರು.

ಅವನ ಎಲೆಗಳು ತೆರೆದವು. ಎಕ್ಕ, ರಾಜ. ನಡುವೆ ಮೂರು ಎಲೆ ಬಿತ್ತು, ಅದರಲ್ಲಿ ಒಂದು ರಾಜ, ಒಂದು ಒಂಬತ್ತು. ಅವನಿಗೆ ಜೋಡಿ ರಾಜ, ನಮಗೆ ಜೋಡಿ ಒಂಬತ್ತು. ಮುಂದಿನದು ಎರಡರ ಎಲೆ, ಯಾರ ಕೆಲಸಕ್ಕೂ ಬಾರದ್ದು. ನಾನು ಮತ್ತೆ ಹುರುಳಿಕಾಯಿಗೆ ಕೈ ಹಾಕಿದೆ. ಕೊನೆಯ ಎಲೆಗೆ ಇನ್ನೊಂದು ಒಂಬತ್ತು ಬಂದು ಕೂತಿತು. ಮೂರು ಒಂಬತ್ತು. ಚಿಪ್ಪಿನ ರಾಶಿ ಪರದೆಯ ಮೇಲೆ ಜರುಗಿ ನಮ್ಮ ಕಡೆ ಬಂತು. ಅವನ ಹತ್ತಿರ ಚಿಲ್ಲರೆ ಉಳಿಯಿತು.

ಮೂಲೆಯಲ್ಲಿ ಮಾತು ಬರೆಯುವ ಪುಟ್ಟ ಜಾಗವಿತ್ತು. ಅಲ್ಲಿ ಅಕ್ಷರಗಳು ಪಟಪಟ ಬಿದ್ದವು. ಇಂಗ್ಲಿಷಿನಲ್ಲಿ, ಇಂಥ ಎಲೆ ಹಿಡಿದು ಯಾರಾದರೂ ಒಳಗೆ ಬರುತ್ತಾರಾ ಎಂದು ಕೇಳಿದ್ದ. ಆಟ ಕಲಿತು ಬಾ ಎಂದಿದ್ದ. ಅದರ ಕೆಳಗೆ ಒಂದೇ ಮಾತು, ಡಾಂಕಿ.

ಇವರು ನನ್ನ ತೋಳು ತಟ್ಟಿ ಪರದೆ ತೋರಿಸಿದರು. ಅಕ್ಷರ ಓದುವುದು ಅವರಿಗೆ ಇನ್ನೂ ಸರಾಗವಿರಲಿಲ್ಲ. ನನಗೋ ಮೈಯೆಲ್ಲ ಉರಿಯುತ್ತಿತ್ತು. ಇವನಪ್ಪನ ಗಂಟೇನು ಹೋಯಿತು? ಹುಷಾರಿಲ್ಲದ ಮನುಷ್ಯ, ಕಷ್ಟಪಟ್ಟು ಎಡಗೈಯಲ್ಲಿ ಆಡುತ್ತಿದ್ದಾರೆ. ಏನೋ ಒಳ್ಳೆಯ ಮಾತು ಬರೆದಿದ್ದಾನೆಂದು ಹೇಳಿಬಿಡೋಣ ಅನಿಸಿತು. ಇವರು ಮತ್ತೆ ತೋಳು ತಟ್ಟಿದರು.

“ಬೈತಿದಾನೆ ರೀ,” ಎಂದೆ. “ನಿಮ್ಮನ್ನ ಕತ್ತೆ ಅಂತಿದಾನೆ.”

ಇವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಪರದೆ ನೋಡಿದರು. ಮೊದಲು ಹೆಗಲು ಅಲುಗಿತು. ನಾನು ಗಾಬರಿಯಿಂದ ಚಾಕು ಕೆಳಗಿಟ್ಟೆ. ಆಮೇಲೆ ಗೊತ್ತಾಯಿತು, ನಗುತ್ತಿದ್ದರು. ಬಾಯಿ ಒಂದು ಕಡೆಗೆ ವಾಲಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ, ಕುರ್ಚಿ ಕಿರುಗುಟ್ಟುವ ಹಾಗೆ ನಗುತ್ತಿದ್ದರು. ಪಾರ್ಶ್ವವಾಯು ಹೊಡೆದ ಮೇಲೆ ಆ ನಗುವನ್ನು ನಾನು ಕೇಳಿರಲೇ ಇಲ್ಲ. ಧಾರವಾಡದವಳು ತಟ್ಟೆ ಹಿಡಿದುಕೊಂಡೇ ನಗತೊಡಗಿದಳು. ಏನಾಯಿತೆಂದು ತಿಳಿಯದೆ ನಾನೂ ನಕ್ಕೆ.

ಇವರು ಕೀಬೋರ್ಡ್ ಎಳೆದುಕೊಂಡು ನನ್ನನ್ನು ನೋಡಿದರು. ಏನು ಬರೆಯಬೇಕೆಂದು ನಾನು ಒಂದೊಂದೇ ಕೇಳುತ್ತ ಹೋದೆ. ಸಾರಿ ಅನ್ನಬೇಕಾ, ಬೇಡ. ತಿರುಗಿಸಿ ಬೈಯಬೇಕಾ, ಬೇಡ. ಥ್ಯಾಂಕ್ಸ್ ಅನ್ನಬೇಕಾ ಎಂದಾಗ “ಹೂಂ, ಹೂಂ” ಎಂದರು. ನಾನು ಅಕ್ಷರ ತೋರಿಸಿದೆ, ಅವರು ಎಡಗೈ ಬೆರಳಲ್ಲಿ ಒಂದೊಂದಾಗಿ ಒತ್ತಿದರು. ‘ಥ್ಯಾಂಕ್ ಯು ಸರ್’ ಎಂದು ಅತ್ತ ಹೋಯಿತು. ಅವನು ಅದನ್ನು ಕುಹಕವೆಂದು ತಿಳಿದ. ಇನ್ನೂ ಕೆಟ್ಟದಾಗಿ ಬೈದ. ನಾನು ಒಂದನ್ನೂ ಬಿಡದೆ ಕನ್ನಡದಲ್ಲಿ ಹೇಳಿದೆ. ಇವರು ಹಬ್ಬದ ದಿನ ಎರಡನೇ ಸಲ ಪಾಯಸ ಬಡಿಸಿಕೊಂಡವರ ಹಾಗೆ ಕೂತು ಕೇಳಿದರು.

ಮಧ್ಯಾಹ್ನ ಪಲ್ಯ ಒಗ್ಗರಣೆ ಹಾಕುವಾಗ ನನಗೆ ಅದು ಹೊಳೆಯಿತು. ಒಂದು ವರ್ಷಕ್ಕೂ ಮಿಕ್ಕಿ ಇವರನ್ನು ಯಾರೂ ಬೈದಿರಲಿಲ್ಲ. ನಾನು ಕೂಡ. ಬೈಗುಳ ತಿನ್ನಲು ಎದುರಿನವನಿಗೆ ಸಮವಾಗಿ ನಿಂತಿರಬೇಕು. ಲಾರಿಯವನಿಗೆ ಇವರ ಕೈಕಾಲು ಕಾಣಿಸಲಿಲ್ಲ, ತನ್ನ ಆಟ ಕೆಡಿಸಿದ ಒಬ್ಬ ಗಂಡಸು ಕಾಣಿಸಿದ. ಆ ಪುಣ್ಯಾತ್ಮ ಎಲ್ಲಿದ್ದಾನೋ, ಅವನ ಲಾರಿ ಎಲ್ಲೂ ಪಂಕ್ಚರ್ ಆಗದಿರಲಿ ಎಂದು ಇವತ್ತಿಗೂ ನೆನೆಸಿಕೊಳ್ಳುತ್ತೇನೆ.

ಮಾರನೆಯ ದಿನ ಭಾನುವಾರ. ತಂಗಿ ಮತ್ತು ಅವಳ ಗಂಡ ಊಟಕ್ಕೆ ಬಂದಿದ್ದರು. ಆಟ ನಿಂತುಹೋಗಿದ್ದರೂ ಬರುವುದನ್ನು ಅವರು ಬಿಟ್ಟಿರಲಿಲ್ಲ. ತಂಗಿಯನ್ನು ಅಡುಗೆಮನೆಗೆ ಕರೆದು ಹೇಳಿದೆ, “ಇವತ್ತು ಆಡೋಣ. ನಿಮ್ಮಿಬ್ರಲ್ಲಿ ಯಾರಾದ್ರೂ ಬೇಕಂತ ಸೋತ್ರೆ ಮುಂದಿನ ವಾರದಿಂದ ಊಟ ಇಲ್ಲ.”

“ಭಾವ ಬೇಜಾರ್ ಮಾಡ್ಕೊಂಡ್ರೆ?” ಎಂದಳು.

“ಮಾಡ್ಕೊಳ್ಲಿ. ಬೇಜಾರಾಗೋದಕ್ಕೂ ಬಿಡ್ತಿಲ್ವಲ್ಲ ನಾವು.”

ಆಮೇಲೆ ಹಾಲು ಬಾರದ ದಿನಗಳಿಗೆ ಸುತ್ತು ಹಾಕಿದ್ದ ಗೋಡೆಯ ಕ್ಯಾಲೆಂಡರನ್ನು ಮೊಳೆಯಿಂದ ಇಳಿಸಿದೆ. ತಿಂಗಳುಗಟ್ಟಲೆ ಆ ಮೂರು ಗುಂಡಿಗಳನ್ನು ನೋಡಿ ನನ್ನ ಮಂದಬುದ್ಧಿಗೆ ಹೊಳೆದದ್ದು ಅದು. ಇವರಿಗೆ ಬೇಕಾಗಿದ್ದು ಒತ್ತಲು ಒಂದು ಗುಂಡಿ, ಕನಿಕರವಲ್ಲ. ಕ್ಯಾಲೆಂಡರಿನ ಆ ತಿಂಗಳ ಹಾಳೆಯನ್ನು ಮೇಜಿನ ಮೇಲೆ ಇವರ ಎಡಗೈಗೆ ಸಿಗುವ ಹಾಗೆ ಹರಡಿದೆ. ಹದಿನಾಲ್ಕರಿಂದ ಇಪ್ಪತ್ತೆಂಟರವರೆಗೆ ಎಲ್ಲ ಅಂಕಿಯೂ ದಪ್ಪಕ್ಷರದಲ್ಲಿ ಇದ್ದವು. ಇವರು ಹಾಳೆಯನ್ನು ನೋಡಿದರು, ನನ್ನನ್ನು ನೋಡಿದರು. “ಬೇಡ” ಎನ್ನಲಿಲ್ಲ. ಕುರ್ಚಿ ಎಳೆದುಕೊಂಡರು.

ಎಲೆ ಹಂಚಿಯಾಯಿತು. ತಂಗಿ ಹದಿನಾರು ಕೂಗಿದಳು. ಇವರ ಬೆರಳು ಹಾಳೆಯ ಮೇಲೆ ಮೆಲ್ಲಗೆ ಜಾರಿ, ಹತ್ತೊಂಬತ್ತರ ಮೇಲೆ ನಿಂತಿತು. ಯಾರೂ ಏನನ್ನೂ ತಿದ್ದಬೇಕಾಗಲಿಲ್ಲ. ತಂಗಿಯ ಗಂಡ ಇಪ್ಪತ್ತು ಅಂದರು. ಇವರು ಬೆರಳು ಸರಿಸಿ ಇಪ್ಪತ್ತೊಂದನ್ನು ಎರಡು ಸಲ ಕುಟ್ಟಿದರು. ಅವರ ಪಟ್ಟಿಯಲ್ಲಿ ಗುಲಾಮನೂ ಒಂಬತ್ತೂ ಇರಬೇಕೆಂದು ನನಗೆ ಆ ಕುಟ್ಟುವುದರಲ್ಲೇ ಗೊತ್ತಾಯಿತು. ಇದ್ದವು ಕೂಡ.

ಆಟ ಚೆನ್ನಾಗಿಯೇ ಹೋಯಿತು. ಕೊನೆಗೆ ಎಲ್ಲರ ಹತ್ತಿರ ಎರಡೆರಡು ಎಲೆ ಉಳಿದಾಗ ನಮಗೆ ಇನ್ನು ಎರಡೇ ಅಂಕ ಬೇಕಿತ್ತು. ಇವರು ಆಟೀನಿನ ಎಕ್ಕ ಇಳಿಸಿದರು. ತಂಗಿಯ ಗಂಡನ ಹತ್ತಿರ ಆಟೀನ್ ಇರಲಿಲ್ಲ. ಅವರ ಎರಡು ಎಲೆಯಲ್ಲಿ ಒಂದು ತುರುಫು ಎಂದು ಅವರ ಮುಖವೇ ಹೇಳುತ್ತಿತ್ತು. ಬಹಳ ಮೆದು ಮನುಷ್ಯ. ಒಂದು ಎಲೆ ಮುಟ್ಟಿದರು, ಬಿಟ್ಟರು, ಇನ್ನೊಂದು ಮುಟ್ಟಿದರು. ನನ್ನ ಕಡೆ ನೋಡಿದರು. ನಾನು ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡುತ್ತ ಕೂತೆ. ಇವರು ಮರದ ಪಟ್ಟಿಯ ಆಚೆಯಿಂದ ಅವರನ್ನೇ ದಿಟ್ಟಿಸುತ್ತಿದ್ದರು.

ತಂಗಿಯ ಗಂಡ ತುರುಫು ಹೊಡೆದರು.

ಎಕ್ಕ ಹೋಯಿತು. ಕೊನೆಯ ಸುತ್ತಿನಲ್ಲಿ ಏನೂ ಸಿಗಲಿಲ್ಲ. ತಂಗಿಯ ಗಂಡ ತಪ್ಪು ಮಾಡಿದವರ ಹಾಗೆ ಎಲೆಗಳನ್ನು ಒಟ್ಟು ಮಾಡುತ್ತಿದ್ದರು. ಇವರು ಬಾಯಿ ತೆರೆದರು. ಏನು ಬರುತ್ತದೋ ಎಂದು ನಾನು ಕಾದೆ.

“ಸೋತ್ವಿ,” ಎಂದರು.

ಸರಿಯಾದ ಮಾತು, ಸರಿಯಾದ ಜಾಗದಲ್ಲಿ. ಹೇಳಿದವರಿಗೂ ಅದು ಗೊತ್ತಾಯಿತು. ಇನ್ನೊಂದು ಸಲ, ರುಚಿ ನೋಡುವವರ ಹಾಗೆ, “ಸೋತ್ವಿ” ಎಂದರು. ಮೇಜಿಗೆ ಎಡಗೈ ಊರಿ ಎದ್ದು ನಿಂತು, ಅಡುಗೆಮನೆಯ ಕಡೆ ಕೈ ತೋರಿಸಿ ನನ್ನನ್ನು ಎಬ್ಬಿಸಿದರು.

ಹಾಲು ನಾನು ಕಾಯಿಸಿದೆ. ಫಿಲ್ಟರನ್ನು ಇವರೇ ಎತ್ತಿದರು. ಡಿಕಾಕ್ಷನ್ ಬಗ್ಗಿಸುವಾಗ ಎಡಗೈಗೆ ಅಂದಾಜು ಸಿಗದೆ ಅರ್ಧ ಕಟ್ಟೆಯ ಮೇಲೆ ಚೆಲ್ಲಿತು, ಮಿಕ್ಕಿದ್ದು ಲೋಟಗಳಿಗೆ ಬೇಕಾದ್ದಕ್ಕಿಂತ ಹೆಚ್ಚೇ ಬಿತ್ತು. ಅವರ ಕೈಯನ್ನೇ ನೋಡುತ್ತಿದ್ದ ನನಗೆ ಸಕ್ಕರೆಯ ನೆನಪೇ ಆಗಲಿಲ್ಲ. ಒಂದು ತಟ್ಟೆಯಲ್ಲಿ ಲೋಟಗಳನ್ನಿಟ್ಟು, ತಟ್ಟೆಯ ಒಂದು ಅಂಚನ್ನು ಅವರು, ಇನ್ನೊಂದನ್ನು ನಾನು ಹಿಡಿದು ಮೇಜಿನ ಹತ್ತಿರ ತಂದೆವು.

ತಂಗಿ ಒಂದು ಗುಟುಕು ಕುಡಿದಳು. ಅವಳ ಬಾಯಲ್ಲಿ ‘ಚೆನ್ನಾಗಿದೆ ಭಾವ’ ಎಂಬ ಮಾತು ಸಿದ್ಧವಾಗಿ ನಿಂತಿದ್ದು ನನಗೆ ಕಂಡಿತು. ನಾನು ಅವಳನ್ನು ನೋಡಿದೆ. ಅವಳು ಅದನ್ನು ನುಂಗಿಕೊಂಡು ಲೋಟ ಕೆಳಗಿಟ್ಟಳು.

“ಭಾವ, ಇದು ಕಾಫಿನಾ ಕಷಾಯನಾ? ಸಕ್ಕರೆ ಹಾಕಿದೀರೋ ಇಲ್ವೋ? ಮನುಷ್ಯರು ಕುಡಿಯೋ ಹಾಗಿಲ್ಲ ಇದು.”

ಇವರು ಗಂಭೀರವಾಗಿ ಲೋಟದೊಳಗೆ ಇಣುಕಿ ನೋಡಿದರು. ಆಮೇಲೆ ಎಡಗೈ ಎತ್ತಿ, ಎಲ್ಲರೆದುರು, ಬೆರಳನ್ನು ನೆಟ್ಟಗೆ ನನ್ನ ಕಡೆ ತೋರಿಸಿದರು. “ಇವಳು,” ಎಂದರು.

ಆ ಎಲ್ಲ ಭಾನುವಾರಗಳಲ್ಲೂ ಹಾಗೇ ಇತ್ತು, ಸೋತರೆ ತಪ್ಪು ನನ್ನದು. “ಸಕ್ಕರೆ ಒಂದು ಮರೆತೆ, ಅಷ್ಟೇ. ಎಕ್ಕ ಇಳಿಸು ಅಂತ ನಿಮಗ್ಯಾರು ಹೇಳಿದ್ರು?” ಎಂದು ನಾನು ದನಿ ಎತ್ತಿದೆ. ಎದ್ದುಹೋಗಿ ಸಕ್ಕರೆ ಡಬ್ಬಿ ತಂದು ಇವರ ಮುಂದೆ ಠಪ್ಪೆಂದು ಇಟ್ಟೆ.